ಕಣ್ಣೆದುರಿಗಿದ್ದದ್ದು ಕಾಣಲೇಬೇಕೆ?

1995ರ ಜನವರಿಯ ಒಂದು ರಾತ್ರಿ, ಅಮೆರಿಕದ ಬಾಸ್ಟನ್ ನಗರದಲ್ಲಿ ಗುಂಡಿನ ದಾಳಿಯ ಆರೋಪಿಗಳನ್ನು ಬೆನ್ನಟ್ಟಿದ್ದ ಪೊಲೀಸರು, ಮಫ್ತಿಯಲ್ಲಿದ್ದ ತಮ್ಮದೇ ಸಹೋದ್ಯೋಗಿ, ಕಪ್ಪು ವರ್ಣೀಯರಾದ ಮೈಕೆಲ್ ಕಾಕ್ಸ್ ಅವರನ್ನು ಆರೋಪಿಯೆಂದು ತಿಳಿದು ಥಳಿಸಿದರು. ಅದೇ ಸ್ಥಳದಲ್ಲಿ ಬೇಲಿ ಹಾರಿ ಇನ್ನೊಬ್ಬ ಆರೋಪಿಯ ಹಿಂದೆ ಓಡಿದ ಕೆನ್ನೆತ್ ಕಾನ್ಲಿ ಎಂಬ ಪೊಲೀಸ್, ಹಲ್ಲೆಯನ್ನು ತಾನು ನೋಡಲಿಲ್ಲವೆಂದು ಪ್ರಮಾಣ ಮಾಡಿ ಹೇಳಿದರು. ಅಂಥದ್ದು ನಡೆದಿದ್ದರೆ ತನಗೆ ಕಾಣಿಸುತ್ತಿತ್ತು ಎಂದು ಅವರೇ ಒಪ್ಪಿಕೊಂಡದ್ದು ಅವರಿಗೆ ಮುಳುವಾಯಿತು. 1998ರಲ್ಲಿ ಸುಳ್ಳುಸಾಕ್ಷ್ಯದ ಆರೋಪ ಸಾಬೀತಾಯಿತೆಂದು ತೀರ್ಪು ಬಂತು.

ಗಮನ ಬೇರೆಡೆ ಇದ್ದಾಗ ಕಣ್ಣೆದುರಿಗಿದ್ದದ್ದೂ ಕಾಣದೆ ಹೋಗುವುದಕ್ಕೆ ಮನೋವಿಜ್ಞಾನದಲ್ಲಿ ಅನವಧಾನದ ಕುರುಡು ಎನ್ನಬಹುದು. ಚೆಂಡಿನ ಪಾಸುಗಳನ್ನು ಎಣಿಸುತ್ತಿದ್ದ ಪ್ರೇಕ್ಷಕರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನರಿಗೆ ನಡುವೆ ಬಂದುಹೋದ ಗೊರಿಲ್ಲಾ ವೇಷಧಾರಿ ಕಾಣದ 1999ರ ಪ್ರಯೋಗ ಈಗ ಎಲ್ಲರಿಗೂ ಗೊತ್ತು. ಕಚೇರಿಗಳ ತರಬೇತಿ ಶಿಬಿರಗಳಲ್ಲಿ ಅದು ನಗೆಯ ಸರಕಾಗಿಬಿಟ್ಟಿದೆ. ಅದನ್ನು ನಡೆಸಿದ ಡೇನಿಯಲ್ ಸೈಮನ್ಸ್ ಮತ್ತು ಕ್ರಿಸ್ಟೋಫರ್ ಶಬ್ರಿ, ಸಂಗಡಿಗರೊಂದಿಗೆ 2011ರಲ್ಲಿ ಪ್ರಕಟಿಸಿದ ಇನ್ನೊಂದು ಅಧ್ಯಯನ ನನ್ನ ದೃಷ್ಟಿಯಲ್ಲಿ ಇದಕ್ಕಿಂತ ಗಂಭೀರವಾದದ್ದು. ಮುಂದೆ ಓಡುವವನು ಎಷ್ಟು ಬಾರಿ ತಲೆ ಮುಟ್ಟಿಕೊಂಡನೆಂದು ಎಣಿಸುತ್ತ ಅವನನ್ನು ಹಿಂಬಾಲಿಸುವಂತೆ ವಿದ್ಯಾರ್ಥಿಗಳಿಗೆ ಹೇಳಿ, ದಾರಿಯ ಪಕ್ಕದಲ್ಲೇ ಇಬ್ಬರು ಸೇರಿ ಒಬ್ಬನನ್ನು ಹೊಡೆಯುವ ಸುಳ್ಳು ಜಗಳವನ್ನು ಏರ್ಪಡಿಸಲಾಗಿತ್ತು. ರಾತ್ರಿ ಓಡಿದವರಲ್ಲಿ ಶೇಕಡ 35 ಮಂದಿ ಮಾತ್ರ ಅದನ್ನು ಗಮನಿಸಿದರು. ಕತ್ತಲೆಯನ್ನು ದೂರುವಂತೆಯೂ ಇಲ್ಲ, ಏಕೆಂದರೆ ಹಗಲಿನಲ್ಲಿ ಗಮನಿಸಿದವರೂ ಶೇಕಡ 56 ಮಾತ್ರ.

ನೋಟ ಅತ್ತ ಹರಿದಿರಲಿಲ್ಲ ಎಂಬ ಸಮಜಾಯಿಷಿಯೂ ಸಾಲದು. ಶ್ವಾಸಕೋಶದ ಸಿ.ಟಿ. ಚಿತ್ರಗಳಲ್ಲಿ ಗಂಟುಗಳನ್ನು ಹುಡುಕುತ್ತಿದ್ದ 24 ರೇಡಿಯಾಲಜಿಸ್ಟರ ಪೈಕಿ 20 ಮಂದಿ, ಅಲ್ಲಿ ಸೇರಿಸಿದ್ದ ಗೊರಿಲ್ಲಾ ಚಿತ್ರವನ್ನು ಗಮನಿಸಲಿಲ್ಲವೆಂದು 2013ರಲ್ಲಿ ವರದಿಯಾಯಿತು. ಕಣ್ಣಿನ ಚಲನೆಯ ದಾಖಲೆಯ ಪ್ರಕಾರ ಆ 20ರಲ್ಲಿ ಹೆಚ್ಚಿನವರ ದೃಷ್ಟಿ ನೇರವಾಗಿ ಅದರ ಮೇಲೆಯೇ ಬಿದ್ದಿತ್ತು.

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬ ನಮ್ಮ ಗಾದೆ, ಕಂಡೆನೆನ್ನುವ ಸಾಕ್ಷಿಯನ್ನು ಪರೀಕ್ಷಿಸಲು ಹೇಳುತ್ತದೆ. ಕಾಣಲಿಲ್ಲವೆನ್ನುವವನ ವಿಷಯದಲ್ಲಿ ನಮಗೆ ಆ ತಾಳ್ಮೆಯಿಲ್ಲ; ಅವನು ಸುಳ್ಳುಗಾರನೆಂದು ಕ್ಷಣದಲ್ಲಿ ನಿರ್ಧರಿಸುತ್ತೇವೆ. 'ಅಲ್ಲಿದ್ದ, ಆದ್ದರಿಂದ ಕಂಡಿರಲೇಬೇಕು' ಎಂಬ ವಾದವೊಂದನ್ನೇ ನೆಚ್ಚಿ ಯಾರನ್ನೂ ಅಪರಾಧಿಯಾಗಿಸಬಾರದೆಂಬುದು ನನ್ನ ಖಚಿತ ಅಭಿಪ್ರಾಯ. ಹಾಗೆಂದು ಈ ಅಧ್ಯಯನಗಳಿಂದ ಕಾನ್ಲಿ ಸತ್ಯವನ್ನೇ ಹೇಳಿದರೆಂದು ಸಾಬೀತಾಗುವುದಿಲ್ಲ, ಅವರು ಹೇಳಿದ್ದು ಅಸಂಭವವಲ್ಲ ಎಂದಷ್ಟೇ ತಿಳಿಯುತ್ತದೆ. ಸಹೋದ್ಯೋಗಿಗಳ ತಪ್ಪನ್ನು ಮುಚ್ಚಿಡುವ ಪೊಲೀಸರ ಮೌನಕ್ಕೆ ವಿಜ್ಞಾನದ ಮರೆ ಸಿಗಬಹುದೆಂಬ ಆತಂಕವೂ ನ್ಯಾಯವಾದದ್ದೇ. ಆದ್ದರಿಂದ ವಿಚಾರಣೆ ನಡೆಸುವವರು ಸಾಕ್ಷಿಯ ಗಮನ ಆ ಹೊತ್ತಿನಲ್ಲಿ ಯಾವ ಕೆಲಸದ ಮೇಲಿತ್ತು, ಬೆಳಕು ಎಷ್ಟಿತ್ತು, ಘಟನೆ ಎಷ್ಟು ಕಾಲ ಅವನ ಎದುರಿಗಿತ್ತು ಎಂದು ಬಿಡಿಬಿಡಿಯಾಗಿ ಕೇಳಬೇಕು. ಕಾನ್ಲಿಯವರ ಶಿಕ್ಷೆ ಮುಂದೆ ರದ್ದಾಯಿತಾದರೂ, ಅದಕ್ಕೆ ಕಾರಣ ಈ ಪ್ರಶ್ನೆಗಳಾಗಿರಲಿಲ್ಲ. ಒಬ್ಬ ಸಾಕ್ಷಿಗೆ ಸಂಬಂಧಿಸಿದ ಮಾಹಿತಿಯನ್ನು ಸರ್ಕಾರಿ ಪಕ್ಷ ಪ್ರತಿವಾದಿಗೆ ಕೊಟ್ಟಿರಲಿಲ್ಲ ಎಂಬುದಾಗಿತ್ತು.