ಟ್ರೇಸಿಂಗ್ ಪುಸ್ತಕದಲ್ಲಿ ಇಲ್ಲದ ಕಾಲಂ

ಎಲ್ಲರಿಗೂ ನಮಸ್ಕಾರ. ಚಿಕ್ಕಮಗಳೂರಿನ ಸಭೆ ಅಂದಮೇಲೆ ತೋಟದವರೇ ಜಾಸ್ತಿ, ಅಲ್ವಾ? ಹಾಗಾಗಿ ಬೋರರ್, ಅಂದರೆ ಕಾಂಡಕೊರಕ ಹುಳದಿಂದಲೇ ಶುರು ಮಾಡುತ್ತೇನೆ.

ಅರೇಬಿಕಾ ಕಾಫಿ ತೋಟದಲ್ಲಿ ಟ್ರೇಸಿಂಗ್ ಮಾಡಿಸುತ್ತೀರಿ, ಅಂದರೆ ಹುಳ ಹೊಕ್ಕ ಗಿಡ ಹುಡುಕಿಸುತ್ತೀರಿ. ಕಾಂಡಕೊರಕ ಹೊಕ್ಕ ಗಿಡ ಕಿತ್ತು ಸುಡಿಸುತ್ತೀರಿ. ಯಾವ ಬ್ಲಾಕಿನಲ್ಲಿ ಎಷ್ಟು ಗಿಡ ಹೋಯಿತು ಅಂತ ತೋಟದ ಲೆಕ್ಕ ಬರೆಯುವ ರೈಟರು ಬರೆದಿಡುತ್ತಾರೆ. ನಾನು ನೋಡಿದ ಪುಸ್ತಕಗಳಲ್ಲಿ ಈ ಲೆಕ್ಕ ಅಚ್ಚುಕಟ್ಟಾಗಿತ್ತು. ಆದರೆ ಒಟ್ಟು ಎಷ್ಟು ಗಿಡ ನೋಡಿದರು? ಅದರಲ್ಲಿ ಎಳೆಯವು ಎಷ್ಟು, ಬಲಿತವು ಎಷ್ಟು? ಅದಕ್ಕೆ ಕಾಲಂ ಇರಲಿಲ್ಲ. ರೈಟರಿಗೆ ಬಾಯಲ್ಲೇ ಗೊತ್ತಿತ್ತು. ಅವರು ಕೆಲಸ ಬಿಟ್ಟರೆ ಆ ಲೆಕ್ಕವೂ ಹೋಯಿತು.

ಜಗತ್ತಿನ ಗಿಡ, ಪ್ರಾಣಿಗಳ ಹುಟ್ಟು-ಸಾವಿನ ಲೆಕ್ಕವನ್ನು ಒಂದೇ ಕಡೆ ಸೇರಿಸುವವರ ತಲೆನೋವೂ ಹೆಚ್ಚುಕಡಿಮೆ ಇದೇ.

ಲೆಕ್ಕದ ಪದ್ಧತಿ ಹಳೆಯದು. 1945ರಲ್ಲಿ ಲೆಸ್ಲಿ ಎಂಬುವರು ಪ್ರಾಣಿಗಳನ್ನು ವಯಸ್ಸಿನ ಪ್ರಕಾರ ವಿಂಗಡಿಸಿ, ಹುಟ್ಟು-ಸಾವನ್ನು ಮ್ಯಾಟ್ರಿಕ್ಸ್ ಎಂಬ ಚೌಕಳಿಯಲ್ಲಿ ಕೂರಿಸಿದರು. ಗಿಡದ ವಯಸ್ಸು ಹೇಳೋದು ಕಷ್ಟ. 1965ರಲ್ಲಿ ಲೆಫ್ಕೊವಿಚ್ ವಯಸ್ಸಿನ ಬದಲು ಬೆಳವಣಿಗೆಯ ಹಂತ ಹಿಡಿದರು. ಆಮೇಲೆ ಇಂಥ ಚೌಕಳಿಗಳು ನೂರಾರು ಪ್ರಬಂಧಗಳಲ್ಲಿ ಚದುರಿಹೋದವು. ಅವನ್ನು ಕಲೆಹಾಕಿದ ಗಿಡಗಳ ಸಂಗ್ರಹದ ಹೆಸರು ಕಾಂಪಾಡ್ರೆ, ಪ್ರಾಣಿಗಳದ್ದು ಕೊಮಾಡ್ರೆ. ಜರ್ಮನಿಯ ರೋಸ್ಟಾಕ್‌ನ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯಲ್ಲಿ ಇವಕ್ಕೆ ಈಗಿನ ರೂಪ ಬಂತು. ಯಾರು ಬೇಕಾದರೂ ಇಳಿಸಿಕೊಳ್ಳಬಹುದು.

ಸೇರಿಸೋದು ಅಂದರೆ ಸುಮ್ನೆ ಟೈಪ್ ಮಾಡೋದಲ್ಲ. ಉದಾಹರಣೆಗೆ 100 ಗಿಡ ಅಂದುಕೊಳ್ಳಿ. ಒಂದು ವರ್ಷದ ಮೇಲೆ 60 ಅದೇ ಹಂತದಲ್ಲಿವೆ, 25 ಮುಂದಿನ ಹಂತಕ್ಕೆ ಹೋದವು, 15 ಸತ್ತವು. ಉಳಿದದ್ದು 85. ಇನ್ನೊಂದು ಪ್ರಬಂಧದಲ್ಲಿ ಕೂಡಿದರೆ 120 ಬರುತ್ತದೆ. ನೂರು ಗಿಡದಲ್ಲಿ ನೂರಿಪ್ಪತ್ತು ಉಳಿಯೋದು ಹೇಗೆ? ಬೀಜದಿಂದ ಹುಟ್ಟಿದ ಸಸಿಗಳನ್ನೂ ಬೇರಿನಿಂದ ಎದ್ದ ಮರಿಗಳನ್ನೂ ಅದೇ ಮನೆಯಲ್ಲಿ ಸೇರಿಸಿದ್ದಾರೆ! ಅದಕ್ಕೇ ಈ ಸಂಗ್ರಹಗಳಲ್ಲಿ ಒಂದು ಚೌಕಳಿಯನ್ನು ಮೂರಾಗಿ ಒಡೆಯುತ್ತಾರೆ: ಉಳಿವು ಮತ್ತು ಬೆಳವಣಿಗೆ ಒಂದು, ಬೀಜ ಅಥವಾ ಮರಿಯ ಹುಟ್ಟು ಒಂದು, ಬೇರು-ಗೆಡ್ಡೆಯಿಂದ ಆದ ಹುಟ್ಟು ಇನ್ನೊಂದು. ಬೇಜಾರಿನ ಕೆಲಸ. ಆದರೆ ಇದು ಆಗದೆ ಆಮೆಯನ್ನೂ ಮರವನ್ನೂ ಪಕ್ಕಪಕ್ಕ ಇಟ್ಟು ನೋಡೋಕಾಗಲ್ಲ.

ಲೆಕ್ಕ ಯಾಕೆ ಬೇಕು ಅನ್ನೋದಕ್ಕೆ ಅಮೆರಿಕದ ಲಾಗರ್‌ಹೆಡ್ ಕಡಲಾಮೆಯ ಕಥೆ ಸಾಕು. ಜನ ದಂಡೆಯಲ್ಲಿ ಮೊಟ್ಟೆ ಕಾಯುತ್ತಿದ್ದರು. 1987ರ ಲೆಕ್ಕ ಹೇಳಿದ್ದು ಬೇರೆ. ಒಂದು ಮೊಟ್ಟೆಯೂ ಹಾಳಾಗದಂತೆ ಕಾದರೂ ಸಂತತಿ ಇಳಿಯುತ್ತಲೇ ಹೋಗುತ್ತದೆ. ಸೀಗಡಿ ಬಲೆಗೆ ಸಿಕ್ಕಿ ಸಾಯುವ, ಇನ್ನೂ ಮೊಟ್ಟೆ ಇಡದ ದೊಡ್ಡ ಮರಿಗಳು ಉಳಿಯಬೇಕು. ಬಲೆಯಿಂದ ಆಮೆ ಪಾರಾಗಲು ಕಿಂಡಿ ಇಡಿಸುವ ವಾದಕ್ಕೆ ಇದರಿಂದ ಬಲ ಬಂತು.

ಈ ಸಂಗ್ರಹಗಳ ದೊಡ್ಡ ಕೊರತೆಯನ್ನೂ ಹೇಳಬೇಕು. ಲೆಕ್ಕಗಳಲ್ಲಿ ಹೆಚ್ಚಿನವು ಯುರೋಪ್, ಉತ್ತರ ಅಮೆರಿಕದವು. ನಮ್ಮ ಕಡೆ ಏನೂ ಇಲ್ಲ ಅಂತಲ್ಲ. ಬಿಳಿಗಿರಿರಂಗನ ಬೆಟ್ಟದಲ್ಲಿ ಸೋಲಿಗರ ಜೊತೆ ಸೇರಿ ನೆಲ್ಲಿ ಮರಗಳ ಲೆಕ್ಕ ಇಟ್ಟಿದ್ದಾರೆ. ಕಾಯಿ ಕೊಯ್ಲು, ಮರದ ಮೇಲೆ ಬೆಳೆಯುವ ಬದನಿಕೆ, ಲಂಟಾನ ಕಳೆ ಎಲ್ಲವನ್ನೂ ಗಮನಿಸಿದ್ದಾರೆ. ನಮ್ಮ ಮುಳ್ಳಯ್ಯನಗಿರಿಯಲ್ಲಿ 2022ರಲ್ಲಿ ಕುರಿಂಜಿ ಅರಳಿದಾಗ ಎಷ್ಟು ಫೋಟೋ ಬಂದವು! ಹೂ ಬಿಟ್ಟ ಗಿಡ ಸಾಯುತ್ತದೆ. ಮುಂದಿನ ಮಳೆಗೆ ಎದ್ದ ಸಸಿಗಳ ಫೋಟೋ ನನ್ನ ಮೊಬೈಲಿಗೆ ಒಂದೂ ಬರಲಿಲ್ಲ. ಮುಂದಿನ ಹೂವು ಇರೋದೇ ಆ ಸಸಿಗಳಲ್ಲಿ.

ತೋಟದವರು ನೆರಳಿನ ಮರದಿಂದ ಶುರು ಮಾಡಬಹುದು. ಒಂದು ಎಕರೆ ಸಾಕು. ಮರಕ್ಕೊಂದು ನಂಬರ್ ತಗಡು, ಎದೆಮಟ್ಟದಲ್ಲಿ ಸುತ್ತಳತೆ, ಪ್ರತಿ ವರ್ಷ ಅದೇ ತಿಂಗಳು. ಮರ ಹೋದರೆ ಒಣಗಿ ಹೋಯಿತೋ ಮಾರಲು ಕಡಿದಿರೋ ಬರೆಯಿರಿ. ಸಿಲ್ವರ್ ಓಕ್ ಇದ್ದಲ್ಲಿ ಇದು ಮುಖ್ಯ. ಕಾಣದ ಮರಕ್ಕೆ ಸೊನ್ನೆ ಹಾಕಬೇಡಿ, "ನೋಡಿಲ್ಲ" ಅಂತ ಬರೆಯಿರಿ. ಬುಡದ ಸಸಿಗಳನ್ನು ಕಳೆ ಹೊಡೆಸುವ ಮೊದಲೇ ಎಣಿಸಿ. ಮಿಷನ್ ಆಗಲೇ ಓಡಿದ್ದರೆ ಅದನ್ನೂ, ತಾರೀಖಿನ ಸಮೇತ, ಪುಸ್ತಕಕ್ಕೆ ಹಾಕಿ.