ಹಾರ್ಮೋನ್ ಕೊಟ್ಟ ಹಸುವಿನ ಹಾಲು: ಚೀಸ್ ತೊಟ್ಟಿಯಲ್ಲಿ ಬಯಲಾಗುವ ಸಂಗತಿ

ಚೀಸ್ ಮಾಡುವಾಗ ಹಾಲು ಗಟ್ಟಿಯಾಗಿ ಆದ ಹೆಪ್ಪಿನೊಳಗೆ ಚಾಕು ಇಳಿಯೋದನ್ನು ನೋಡಿ. ಮೆಲ್ಲಗೆ ಮೇಲೆತ್ತಿದಾಗ ಹೆಪ್ಪು ನೀಟಾಗಿ ಸೀಳಬೇಕು, ಸೀಳಿನಲ್ಲಿ ತಿಳಿಯಾದ ಹಸಿರು ಹಳದಿ ನೀರು ನಿಲ್ಲಬೇಕು. ಹೆಪ್ಪು ಮೆತ್ತಗೆ ಪುಡಿಯಾಗಿ ನೀರು ಬೆಳ್ಳಗೆ ಕದಡಿದರೆ, ಚೀಸ್ ಆಗಬೇಕಿದ್ದ ಪ್ರೋಟೀನು, ಕೊಬ್ಬು ನೀರಿನ ಜೊತೆ ಹರಿದುಹೋಗುತ್ತಿದೆ ಅಂತ ಅರ್ಥ.

ಹಾರ್ಮೋನ್ ಅಂದ ಕೂಡಲೇ ಎಲ್ಲರೂ ಕೇಳೋದು, ಅದು ಹಾಲಿನಲ್ಲಿ ಉಳಿಯುತ್ತಾ ಅಂತ. ನಾನು ಮೊದಲು ಕೆಚ್ಚಲು ನೋಡಿ ಅಂತೀನಿ.

ಬಿಎಸ್‌ಟಿ (ಬೊವೈನ್ ಸೊಮ್ಯಾಟೊಟ್ರೋಪಿನ್) ಹಸುವಿನ ಮೈಯಲ್ಲೇ ಹುಟ್ಟುವ ಬೆಳವಣಿಗೆಯ ಹಾರ್ಮೋನ್. ಲ್ಯಾಬಿನಲ್ಲಿ ತಯಾರಿಸಿದ ರೂಪಕ್ಕೆ ಅಮೆರಿಕದ ಆಹಾರ, ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 1993ರಲ್ಲಿ ಒಪ್ಪಿಗೆ ಕೊಟ್ಟಿತು. ಎರಡು ವಾರಕ್ಕೊಂದು ಇಂಜೆಕ್ಷನ್, ಹಾಲು ಸುಮಾರು ಶೇ. 10ರಿಂದ 15ರಷ್ಟು ಜಾಸ್ತಿ. ಈ ಹಾರ್ಮೋನ್ ಒಂದು ಪ್ರೋಟೀನು, ನಮ್ಮ ಹೊಟ್ಟೆಯಲ್ಲಿ ಜೀರ್ಣವಾಗುತ್ತೆ. ಆದರೂ 1999ರಲ್ಲಿ ಕೆನಡಾ ಬೇಡ ಅಂದಿತು. ಕಾರಣ ಹಸುವಿನ ಆರೋಗ್ಯ: ಕೆಚ್ಚಲು ಬಾವು, ಕುಂಟು, ಗಬ್ಬ ನಿಲ್ಲದಿರುವುದು, ಇವೆಲ್ಲ ಹೆಚ್ಚುತ್ತಿದ್ದವು.

ಚೀಸ್ ಕೆಡೋದು ಈ ಬಾವಿನಿಂದಲೇ. ಬಾವು ಬಂದಾಗ ರಕ್ತದ ಬಿಳಿ ಕಣಗಳು ಹಾಲಿಗೆ ನುಗ್ಗುತ್ತವೆ, ಜೊತೆಗೆ ಪ್ಲಾಸ್ಮಿನ್ ಅನ್ನೋ ಕಿಣ್ವವೂ ಚುರುಕಾಗುತ್ತೆ. ಹೆಪ್ಪಿಗೆ ಬಲ ಕೊಡುವ ಕೇಸೀನ್ ಅನ್ನೋ ಹಾಲಿನ ಪ್ರೋಟೀನನ್ನು ಅದು ಕತ್ತರಿಸುತ್ತೆ. ಪಾಶ್ಚರೀಕರಣ ಮಾಡಿದರೂ ಸಾಯಲ್ಲ! ಹಾಲು ಕುಡಿದವರಿಗೆ ಏನೂ ಗೊತ್ತಾಗಲಿಕ್ಕಿಲ್ಲ, ಆದರೆ ಚೀಸ್ ಇಳುವರಿ ಕುಸಿಯುತ್ತೆ, ಮಾಗುತ್ತಾ ಕಹಿಯಾಗಬಹುದು.

ನನಗೆ ಇದಕ್ಕಿಂತ ಸಂಕಟ ಆಗೋದು ಆಕ್ಸಿಟೋಸಿನ್ ಅನ್ನೋ ಇನ್ನೊಂದು ಹಾರ್ಮೋನ್ ಚುಚ್ಚೋದನ್ನು ನೋಡಿದಾಗ. ಕರು ಮೊಲೆಗೆ ಬಾಯಿ ಹಾಕಿದಾಗ ತಾಯಿ ಸೊರೆ ಬಿಡೋದು ಇದರಿಂದಲೇ. ಹೆರಿಗೆ ಕಷ್ಟವಾದಾಗ ಪಶುವೈದ್ಯರು ಕೊಟ್ಟರೆ ಸರಿ. ಹಾಲು ಕರೆಯುವಾಗಲೆಲ್ಲ ಚುಚ್ಚಿದರೆ ಏನಾಗುತ್ತೆ? ಔಷಧಿ ರಕ್ತದಿಂದ ನಿಮಿಷಗಳಲ್ಲೇ ಮಾಯ, ಸಮಸ್ಯೆ ಅದಲ್ಲ. ಡೋಸ್ ಜಾಸ್ತಿಯಾದರೆ ಹಾಲು ತಯಾರಿಸುವ ಕೋಶಗಳ ನಡುವಿನ ಬೆಸುಗೆ ಸಡಿಲವಾಗುತ್ತೆ. ರಕ್ತದ ಸೋಡಿಯಂ, ಕ್ಲೋರೈಡ್ ಹಾಲಿಗೆ ಬರುತ್ತೆ, ಹಾಲಿನ ಲ್ಯಾಕ್ಟೋಸ್ ರಕ್ತಕ್ಕೆ ಸೋರುತ್ತೆ. ಸಿಹಿ ಇಳಿದು ಉಪ್ಪು ಏರುತ್ತೆ. ಕೆಲವು ದಿನ ಹೀಗೇ ನಡೆದರೆ ಚುಚ್ಚದೆ ಸೊರೆ ಬಿಡೋದೇ ಕಷ್ಟವಾಗುತ್ತೆ. ಕರು ಬಂದು ನಿಂತರೆ ಸಾಕಿತ್ತು, ಅಲ್ವಾ?

ಹಾಗಾಗಿ ಚೀಸ್ ಮಾಡೋಕೆ ಹಾಲು ತಗೊಳ್ಳೋರು ಕೊಬ್ಬಿನ ಅಂಶ ಮಾತ್ರ ಕೇಳಬೇಡಿ, ಬಾವು ಬಂದಾಗ ಹಾಲಿಗೆ ನುಗ್ಗುವ ಬಿಳಿ ಕಣಗಳಂಥ ಕೋಶಗಳ ಲೆಕ್ಕವನ್ನೂ ಕೇಳಿ. ಯುರೋಪಿನ ಒಕ್ಕೂಟದ ಮಿತಿ ಸರಾಸರಿ ಮಿಲಿಲೀಟರಿಗೆ 4 ಲಕ್ಷ. ಆರೋಗ್ಯವಾದ ಕೆಚ್ಚಲಿನ ಹಾಲಿನಲ್ಲಿ ಅದು ಸಾಮಾನ್ಯವಾಗಿ 1 ಲಕ್ಷವೂ ದಾಟುವುದಿಲ್ಲ.