ಹುಡುಕಿದ್ದು ಸಿಕ್ಕಿತಾ?

ಕೇಳುಗರೆಲ್ಲರಿಗೂ ನಮಸ್ಕಾರ.

ಕಳೆದ ಆಷಾಢದಲ್ಲಿ ಒಂದು ಬೆಳಗ್ಗೆ ನಮ್ಮ ಬಾನುಲಿ ಕೇಂದ್ರಕ್ಕೆ ಫೋನ್ ಬಂತು. ಅರಕಲಗೂಡು ಕಡೆಯ ರೈತರು. ಹಿಂದಿನ ಸಂಜೆ ಆಲೂಗಡ್ಡೆಗೆ ಬರುವ ಅಂಗಮಾರಿ ರೋಗದ ಬಗ್ಗೆ ನಾವೊಂದು ಕಾರ್ಯಕ್ರಮ ಮಾಡಿದ್ದೆವು. “ಮೇಡಂ, ಪೂರ್ತಿ ಕೇಳ್ತಾ ಕೂತಿದ್ದೆ. ಮ್ಯಾಂಕೋಜೆಬ್ ಔಷಧಿ ಲೀಟರ್ ನೀರಿಗೆ ಎಷ್ಟು ಅಂತ ಹೇಳೋ ಹೊತ್ತಿಗೆ ಸರಿಯಾಗಿ ಹಸು ಹಗ್ಗ ಕಿತ್ಕೊಂಡು ಓಡ್ತು. ಹಿಡ್ಕೊಂಡು ಬರೋವಷ್ಟರಲ್ಲಿ ನಿಮ್ಮ ಕಾರ್ಯಕ್ರಮ ಮುಗಿದಿತ್ತು. ವೆಬ್‌ಸೈಟಲ್ಲಿ ಇರುತ್ತೆ ಅಂತೀರಲ್ಲ, ಮಗಳ ಫೋನಲ್ಲಿ ಅರ್ಧ ಗಂಟೆ ಹುಡುಕಿದ್ವಿ. ಸಿಗ್ಲಿಲ್ಲ,” ಅಂದರು.

ಲೀಟರಿಗೆ 2 ಗ್ರಾಂ ಅಂತ ಫೋನಲ್ಲೇ ಹೇಳಿದೆ. ಆಮೇಲೆ ನಾನೇ ಹುಡುಕಲು ಕೂತೆ. ಕಾರ್ಯಕ್ರಮ ವೆಬ್‌ಸೈಟಿನಲ್ಲಿ ಇತ್ತು. ಆದರೆ ತೀರಾ ಒಳಗಿತ್ತು. ಒಂದು ಪುಟ ತೆರೆದು, ಅದರೊಳಗೆ ಇನ್ನೊಂದು ತೆರೆದು, ಆರನೇ ಸಲ ಒತ್ತಿದಾಗ ಸಿಕ್ಕಿತು. ಅಲ್ಲೂ ‘ಆಲೂಗಡ್ಡೆ’ ಅಂತ ಬರೆದಿರಲಿಲ್ಲ. ಬರೀ ತಾರೀಖು, ಅದರ ಪಕ್ಕ ಒಂದು ನಂಬರು. ಎಲ್ಲಿಟ್ಟಿದ್ದೇವೆ ಅಂತ ಗೊತ್ತಿದ್ದ ನನಗೇ ಅಷ್ಟು ಹೊತ್ತು ಹಿಡಿಯಿತು.

ಹಾಸನದಲ್ಲಿ ಆಲೂಗಡ್ಡೆ ಬೆಳೆದವರಿಗೆ ಗೊತ್ತು. ಮೋಡ ಮುಸುಕಿ ಸೋನೆ ಹಿಡಿದರೆ ಅಂಗಮಾರಿ ಯಾರಿಗೂ ಕಾಯುವುದಿಲ್ಲ. ಇವತ್ತು ಎಲೆ ಮೇಲೆ ನಾಲ್ಕು ಚುಕ್ಕೆ, ಕೆಲವೇ ದಿನ ಬಿಟ್ಟು ನೋಡಿದರೆ ಹೊಲವೇ ಸುಟ್ಟ ಹಾಗೆ. ಜಲಂಧರ್‌ನಿಂದ ಬಂದ ಬಿತ್ತನೆ ಗೆಡ್ಡೆಗೆ ಸಾಲ ಮಾಡಿ ದುಡ್ಡು ಸುರಿದವರಿಗೆ ಆ ಅರ್ಧ ಗಂಟೆ ಸಣ್ಣದಲ್ಲ.

ನನ್ನನ್ನು ಇನ್ನೂ ಜಾಸ್ತಿ ಕಾಡಿದ್ದು ಬೇರೆ ವಿಷಯ. ಎಷ್ಟು ಜನ ಬಂದರು, ಯಾವ ಪುಟ ನೋಡಿದರು, ಎಷ್ಟು ಹೊತ್ತು ಇದ್ದರು ಅಂತ ವೆಬ್‌ಸೈಟ್ ತಾನಾಗಿಯೇ ಲೆಕ್ಕ ಇಡುತ್ತದೆ. ಪ್ರತಿ ತಿಂಗಳೂ ಅದನ್ನು ನೋಡುತ್ತೇವೆ. ಜನ ಜಾಸ್ತಿ ಹೊತ್ತು ಇದ್ದರೆ ಖುಷಿಪಡುತ್ತೇವೆ. ಆ ಅಪ್ಪ, ಮಗಳು ಅರ್ಧ ಗಂಟೆ ಇದ್ದರು. ಪುಟದ ಮೇಲೆ ಪುಟ ತೆರೆದರು. ನಮ್ಮ ಲೆಕ್ಕದಲ್ಲಿ ಅದು ಒಳ್ಳೆಯ ಸುದ್ದಿಯಾಗಿಯೇ ಸೇರಿಕೊಂಡಿರುತ್ತದೆ. ಇಷ್ಟಪಟ್ಟು ಕೂತು ನೋಡಿದವರು, ಸಿಗದೆ ಒದ್ದಾಡಿದವರು, ಇಬ್ಬರೂ ಆ ಲೆಕ್ಕಕ್ಕೆ ಒಂದೇ. ಯಾರು ಯಾವುದಕ್ಕೆ ಬಂದಿದ್ದರು ಅಂತ ಹೇಳಬಲ್ಲವರು ನೀವು ಮಾತ್ರ.

ಈಗ ನಮ್ಮ ವೆಬ್‌ಸೈಟನ್ನು ಹೊಸದಾಗಿ ಕಟ್ಟಲು ಹೊರಟಿದ್ದೇವೆ. ಕೆಲಸ ಶುರುವಾಗುವ ಮೊದಲು ನಿಮ್ಮ ಮಾತು ಬೇಕು. ಅದನ್ನು ಕೇಳಲೆಂದೇ ಇವತ್ತು ಬಂದಿದ್ದೇನೆ.

ಹಿಂದೆ ನಿಮ್ಮ ಮಾತು ಪೋಸ್ಟ್‌ಕಾರ್ಡಿನಲ್ಲಿ ಬರುತ್ತಿತ್ತು. 50 ಪೈಸೆಯ ಕಾರ್ಡು. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ದಿನಾ ಒಂದು ಕಟ್ಟು ಬಂದು ಬೀಳುತ್ತಿತ್ತು. ‘ಕಾರ್ಯಕ್ರಮ ಸೊಗಸಾಗಿತ್ತು’ ಅಂತ ಬರೆದವರು ಎಷ್ಟೋ ಜನ. ಓದಿದಾಗ ಮನಸ್ಸು ತುಂಬುತ್ತಿತ್ತು. ಆದರೆ ಬೇಲೂರಿನಿಂದ ಬಂದ ಒಂದು ಕಾರ್ಡು ನನಗೆ ಇವತ್ತಿಗೂ ನೆನಪಿದೆ. ‘ಬುಧವಾರದ ನಾಟಕದಲ್ಲಿ ಮಾವ ಸೊಸೆಗೆ ಹೇಳಿದ ಕೊನೆಯ ಮಾತು ಮಳೆಯ ಸದ್ದಿನಲ್ಲಿ ಮುಚ್ಚಿಹೋಯಿತು.’ ಇಷ್ಟೇ. ಟೇಪು ಹಾಕಿ ಕೇಳಿದೆವು. ನಿಜ. ಮುಂದಿನ ನಾಟಕಕ್ಕೆ ಮಳೆಯ ಸದ್ದು ತಗ್ಗಿಸಿದೆವು. ನನಗೆ ಕೆಲಸ ಕಲಿಸಿದ್ದು ಅಂಥ ಕಾರ್ಡುಗಳು.

ವೆಬ್‌ಸೈಟಿನ ಬಗ್ಗೆಯೂ ಹಾಗೇ ಹೇಳಿ. ಏನು ಹುಡುಕಿಕೊಂಡು ಬಂದಿರಿ? ಎಲ್ಲಿಯ ತನಕ ಹೋದಿರಿ? ಯಾವ ಪುಟದಲ್ಲಿ ಸಾಕಾಗಿ ಬಿಟ್ಟಿರಿ?

ಸಕಲೇಶಪುರದ ಕಡೆಯವರ ಮಾತು ನನಗೆ ವಿಶೇಷವಾಗಿ ಬೇಕು. ಎಫ್‌ಎಂ ಅಲೆ ಹೆಚ್ಚುಕಡಿಮೆ ನೇರವಾಗಿ ಹೋಗುವಂಥದ್ದು. ಗುಡ್ಡ ಅಡ್ಡ ಬಂದರೆ ಅದರ ಹಿಂದಿನ ಮನೆಗೆ ಸರಿಯಾಗಿ ತಲುಪುವುದಿಲ್ಲ. ರೇಡಿಯೊ ಗರಗರ ಅನ್ನುವ ಕಡೆ ಇಂಟರ್ನೆಟ್ಟಿನಲ್ಲಾದರೂ ಕೇಳಲಿ ಅಂತ ವೆಬ್‌ಸೈಟಿನಲ್ಲಿ ಪ್ರಸಾರ ಇಟ್ಟಿದ್ದೇವೆ. ಆದರೆ ರೇಡಿಯೊ ತಡೆದ ಗುಡ್ಡ ಮೊಬೈಲ್ ಸಿಗ್ನಲನ್ನೂ ತಡೆಯುತ್ತದೆ, ಅಲ್ವಾ?

ಹೆತ್ತೂರಿನ ಹತ್ತಿರ ಒಂದು ತೋಟದ ಮನೆಗೆ ಹೋಗಿದ್ದೆ. ಆ ಮನೆಯ ಅಜ್ಜಿ ಫೋನನ್ನು ಹಿತ್ತಲ ಹಲಸಿನ ಮರದ ಕವಲಿನಲ್ಲಿ ಇಡುತ್ತಾರೆ. ಸಿಗ್ನಲ್ ಸಿಗುವುದು ಅಲ್ಲಿ ಮಾತ್ರ. ಭಾವಗೀತೆಯ ಹೊತ್ತು. ನಮ್ಮ ವೆಬ್‌ಸೈಟ್ ತೆರೆದೆವು. ಮೇಲೆ ಹಾಕಿದ್ದ ದೊಡ್ಡ ಫೋಟೊ ನಿಧಾನಕ್ಕೆ ಇಳಿಯತೊಡಗಿತು. ಹೊಯ್ಸಳ ಶಿಲ್ಪದ ಫೋಟೊ. ಮೊದಲು ಕಿರೀಟ ಬಂತು. ಆಮೇಲೆ ಹಣೆ. ಆಮೇಲೆ ಮೂಗು. ಅಜ್ಜಿ ಕೊಡೆ ಹಿಡಿದು ಮರದ ಕೆಳಗೆ ನಿಂತೇ ಇದ್ದರು. ಕಾಲಿಗೆ ಇಂಬಳ ಹತ್ತಿತು ಅಂತ ಉಪ್ಪು ತರಲು ಒಳಗೆ ಹೋದರು. ಅವರು ವಾಪಸ್ ಬಂದಾಗಲೂ ಹಾಡು ಬಂದಿರಲಿಲ್ಲ.

ಆ ಫೋಟೊ 4 ಎಂಬಿ ಇತ್ತು. ಮಾತಿನ ಕಾರ್ಯಕ್ರಮವನ್ನು ಸೆಕೆಂಡಿಗೆ 32 ಕಿಲೋಬಿಟ್‌ನಂತೆ ಕಳಿಸಿದರೂ ಅರ್ಥವಾಗುವ ಹಾಗೆ ಕೇಳುತ್ತದೆ. ಆ ಲೆಕ್ಕ ಹಿಡಿದರೆ 4 ಎಂಬಿಯಲ್ಲಿ 16 ನಿಮಿಷದ ಕಾರ್ಯಕ್ರಮ ಕೇಳಬಹುದಿತ್ತು. ದನಿಯನ್ನು ಹಿಂದೆ ನಿಲ್ಲಿಸಿ ಚಿತ್ರವನ್ನು ಮುಂದೆ ಬಿಟ್ಟಿದ್ದೆವು ನಾವು. ಬಾನುಲಿಯ ಪುಟದಲ್ಲಿ ದನಿ ಮೊದಲು ಬರಬೇಕು, ಫೋಟೊ ಆಮೇಲೆ ಬಂದರೆ ಸಾಕು ಅನ್ನುವುದು ನನ್ನ ಅಭಿಪ್ರಾಯ. ನೀವು ಒಪ್ಪದಿದ್ದರೆ ಅದನ್ನೂ ಹೇಳಿ.

ಇನ್ನು ಬಟನ್ನುಗಳ ಹೆಸರು. ಹಳೆಯ ಕಾರ್ಯಕ್ರಮ ಇಟ್ಟಿರುವ ಜಾಗಕ್ಕೆ ನಾವು ‘ಧ್ವನಿ ಭಂಡಾರ’ ಅಂತ ಹೆಸರಿಟ್ಟಿದ್ದೇವೆ. ಸುಮ್ನೆ ‘ಹಳೆಯ ಕಾರ್ಯಕ್ರಮ’ ಅಂತ ಇದ್ದಿದ್ದರೆ ಅರಕಲಗೂಡಿನ ಆ ಮಗಳು ಮೊದಲ ಸಲವೇ ಅದನ್ನು ಒತ್ತುತ್ತಿದ್ದಳೇನೋ. 1935ರಲ್ಲಿ ಮೈಸೂರಿನಲ್ಲಿ ಎಂ. ವಿ. ಗೋಪಾಲಸ್ವಾಮಿ ಎಂಬ ಮನಶ್ಶಾಸ್ತ್ರದ ಮೇಷ್ಟ್ರು ತಮ್ಮ ಮನೆಯಲ್ಲೇ ಬಾನುಲಿ ಕೇಂದ್ರ ಶುರು ಮಾಡಿದರು. ಅದಕ್ಕೆ ಬಿದ್ದ ಹೆಸರು ‘ಆಕಾಶವಾಣಿ’. ಪುರಾಣದ ಕತೆ ಕೇಳಿದ ಯಾರಿಗಾದರೂ ತಟ್ಟನೆ ತಿಳಿಯುವ ಮಾತು. ಮುಂದೆ ಇಡೀ ದೇಶವೇ ಅದನ್ನು ತೆಗೆದುಕೊಂಡಿತು. ಅಂಥ ಹೆಸರು ಜನರ ಬಾಯಲ್ಲಿ ಮೊದಲೇ ಇರುತ್ತದೆ. ನಮ್ಮ ಒಂದೊಂದು ಬಟನ್ನಿಗೂ ನೀವು ಮನೆಯಲ್ಲಿ ಏನಂತ ಕರೆಯುತ್ತೀರಿ, ಬರೆದು ಕಳಿಸಿ.

ಚನ್ನರಾಯಪಟ್ಟಣದ ಒಬ್ಬ ಹುಡುಗನಿಗೆ ಕಣ್ಣು ಕಾಣುವುದಿಲ್ಲ. ಅವನ ಫೋನು ಪರದೆಯ ಮೇಲಿನ ಅಕ್ಷರವನ್ನು ಗಟ್ಟಿಯಾಗಿ ಓದಿ ಹೇಳುತ್ತದೆ. ನಮ್ಮ ಕಾರ್ಯಕ್ರಮ ಪಟ್ಟಿಗೆ ಬಂದರೆ ಮಾತ್ರ ‘ಚಿತ್ರ’ ಅಂದು ಸುಮ್ಮನಾಗುತ್ತಿತ್ತು. ಅಚ್ಚು ಮಾಡಿದ ಪಟ್ಟಿಯ ಫೋಟೊ ತೆಗೆದು ಹಾಕುತ್ತಿದ್ದೆವು, ಅದಕ್ಕೆ. ಕಣ್ಣಿದ್ದವರಿಗೂ ಇಲ್ಲದವರಿಗೂ ಒಂದೇ ಹಾಗೆ ತಲುಪುವುದು ರೇಡಿಯೊ. ಅದರ ವೆಬ್‌ಸೈಟ್ ಅವನನ್ನು ಹೊರಗೆ ನಿಲ್ಲಿಸಿತ್ತಲ್ಲ ಅಂತ ನನಗೆ ತುಂಬಾ ನೋವಾಯಿತು. ಈಗ ಪಟ್ಟಿಯನ್ನು ಫೋನು ಓದಬಲ್ಲ ಯೂನಿಕೋಡ್ ಕನ್ನಡ ಅಕ್ಷರದಲ್ಲಿ ಟೈಪ್ ಮಾಡಿ ಹಾಕುತ್ತಿದ್ದೇವೆ. ಇಂಥದ್ದು ಇನ್ನೂ ಎಲ್ಲೆಲ್ಲಿದೆ ಅಂತ ನಮ್ಮ ಕಣ್ಣಿಗೆ ಬೀಳುವುದಿಲ್ಲ. ಎಡವಿದವರೇ ಹೇಳಬೇಕು.

ಕೊನೆಯದಾಗಿ ಇನ್ನೊಂದು. ಬೆಂಗಳೂರಿನಲ್ಲಿ ಕೆಲಸ ಮಾಡುವ ಒಬ್ಬರು ಕೇಳಿದರು: “ನಮ್ಮಮ್ಮ ನಿಮ್ಮಲ್ಲಿ ಸೋಬಾನೆ ಹಾಡಿದ್ರು. ಈಗ ಅವರಿಲ್ಲ. ಆ ದನಿ ಒಂದ್ಸಲ ಕೇಳ್ಬೇಕು.” ಹುಡುಕಿದೆವು. ಪಟ್ಟಿಯಲ್ಲಿ ಇದ್ದದ್ದು ‘ಸೋಬಾನೆ ಪದ, ಸಂಗಡಿಗರು’ ಎಂದು ಮಾತ್ರ. ಊರಿಲ್ಲ, ಹೆಸರಿಲ್ಲ. ಅಂಥವು ಹತ್ತಾರು. ಒಂದೊಂದನ್ನೇ ಅವರಿಗೆ ಫೋನಿನಲ್ಲಿ ಕೇಳಿಸಿದೆವು. ಒಂಬತ್ತನೆಯದಕ್ಕೆ ಆ ಕಡೆಯಿಂದ ಮಾತೇ ಬರಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ, “ಇದೇ ಮೇಡಂ, ಮೊದಲು ಎತ್ತಿಕೊಡೋದು ಅಮ್ಮ,” ಅಂದರು.

ಉಳಿದವರ ಹೆಸರು ನಿಮ್ಮಲ್ಲಿ ಯಾರಿಗಾದರೂ ಗೊತ್ತಿರುತ್ತದೆ. ನಿಮ್ಮ ಮನೆಯವರು, ಓಣಿಯವರು ಯಾರಾದರೂ ನಮ್ಮಲ್ಲಿ ಹಾಡಿದ್ದರೆ, ನಾಟಕದಲ್ಲಿ ಪಾತ್ರ ಮಾಡಿದ್ದರೆ ಹೆಸರು, ಊರು, ಅಂದಾಜು ವರ್ಷ ಬರೆಯಿರಿ. ಹೊಸ ವೆಬ್‌ಸೈಟಿನಲ್ಲಿ ಅವರ ದನಿಯನ್ನು ಅವರ ಹೆಸರಿನ ಕೆಳಗೇ ಇಡುತ್ತೇವೆ.

ಫೋನಿಲ್ಲದವರು, ವೆಬ್‌ಸೈಟ್ ಒಮ್ಮೆಯೂ ನೋಡದವರು ಕೂಡ ಬರೆಯಬಹುದು. ಯಾಕೆ ನೋಡಿಲ್ಲ ಅನ್ನುವುದೂ ನಮಗೆ ಬೇಕಾದ ಉತ್ತರವೇ. ಕಾರ್ಡು, ವಾಟ್ಸಾಪ್ ದನಿ, ಫೋನು, ಯಾವುದಾದರೂ ಸರಿ. ಬಂದದ್ದನ್ನೆಲ್ಲ ನಾನೇ ಓದುತ್ತೇನೆ. ಏನು ಸರಿ ಮಾಡಿದೆವು, ಯಾವುದು ಆಗಲಿಲ್ಲ, ಯಾಕೆ ಅಂತ ಇದೇ ಹೊತ್ತಿನಲ್ಲಿ ಬಂದು ಹೇಳುತ್ತೇನೆ.

ವಿಳಾಸ ಮತ್ತು ನಂಬರನ್ನು ಈಗ ನಿಧಾನವಾಗಿ ಎರಡು ಸಲ ಓದುತ್ತಾರೆ. ಪೆನ್ನು ತೆಗೆದುಕೊಳ್ಳಿ. ನಮಸ್ಕಾರ.